ಮಾತಿಗಿಂತ ಮೊದಲು ಗೆರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಹೊತ್ತಿಗೆ ರೇಡಿಯೋ ಹಚ್ಚಿಕೊಂಡಿರುವವರು ಯಾರೆಂದು ನನಗೆ ಗೊತ್ತು. ಗೆರಸೆಯನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿರುವ ಅಕ್ಕಂದಿರು, ಅಂಗಡಿಯ ಗಲ್ಲಾದಲ್ಲಿ ಕುಳಿತಿರುವ ಅಣ್ಣಂದಿರು, ಶಾಲೆಯ ಬಸ್ಸು ಬರುವುದನ್ನೇ ಕಾಯುತ್ತಿರುವ ತಾಯಂದಿರು. ನನ್ನ ಅಮ್ಮನೂ ಮಂಗಳೂರು ಆಕಾಶವಾಣಿ ಕೇಳುತ್ತಲೇ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ನಾನಿಂದು ಅಮೆರಿಕದ ಒಬ್ಬ ರ‍್ಯಾಪ್ ಕಲಾವಿದರ ಬಗ್ಗೆ ಮಾತನಾಡಲು ಬಂದಿದ್ದೇನೆ. ನಮಗೇಕೆ ಅದೆಲ್ಲ ಎಂದು ದಯವಿಟ್ಟು ಸ್ಟೇಷನ್ ಬದಲಿಸಬೇಡಿ. ನಾನು ಶಾಲೆಯಲ್ಲಿ ಚಿತ್ರಕಲೆ ಕಲಿಸಿದವನು. ಈ ಮಾತು ನಿಮ್ಮ ಮನೆಯ ಮಕ್ಕಳಿಗೆ ಸಂಬಂಧಿಸಿದ್ದು.

ಅವರ ಹೆಸರು ಚಕ್ ಡಿ. ಹುಟ್ಟಿದ್ದು 1960ರ ಆಗಸ್ಟ್ 1ರಂದು, ನ್ಯೂಯಾರ್ಕ್‌ನಲ್ಲಿ. ಅವರ ತಂಡ ಪಬ್ಲಿಕ್ ಎನಿಮಿ. ರ‍್ಯಾಪ್ ಎಂದರೆ ತಾಳಕ್ಕೆ ಕೂಡಿಸಿ ಆಡುವ ಮಾತು. ತಾಳಮದ್ದಳೆಯಲ್ಲಿ ಅರ್ಥಧಾರಿಯ ಮಾತಿಗೆ ಇರುವಷ್ಟೇ ಬೆಲೆ ಅಲ್ಲಿಯೂ ಮಾತಿಗಿದೆ. ಅದು ಹುಡುಗರ ಆಟ, ನಾಲ್ಕು ವರ್ಷ ಕುಣಿದು ಮರೆಯಾಗುವವರದು ಎಂದು ಜನ ಹೇಳುತ್ತಾರೆ. 1987ರಲ್ಲಿ ತಂಡದ ಮೊದಲ ಆಲ್ಬಂ ಬಂದಾಗ ಚಕ್ ಡಿ ಅವರಿಗೆ ಇಪ್ಪತ್ತಾರು ವರ್ಷ. ರ‍್ಯಾಪ್ ಮಾಡಲು ತನಗೆ ವಯಸ್ಸು ಮೀರಿತೆಂದು ಅವರೇ ಹಿಂಜರಿದಿದ್ದರು. ಈಗ ಅರವತ್ತು ದಾಟಿದೆ, ಇನ್ನೂ ವೇದಿಕೆಯಲ್ಲಿದ್ದಾರೆ. ಇಷ್ಟು ಕಾಲ ಅವರು ಬಾಳಿದ್ದು ಹೇಗೆ? ನನ್ನ ಉತ್ತರ ಒಂದೇ. ಅವರಿಗೆ ಮಾತಿಗಿಂತ ಮೊದಲು ಗೆರೆ ಇತ್ತು. ಅವರು ಮೊದಲು ಚಿತ್ರ ಬರೆಯುವವರಾಗಿದ್ದರು.

ಇದು ನನಗೆ ತಿಳಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

1990ರಲ್ಲಿ ನಾನು ಉಡುಪಿಯಲ್ಲಿ ಬೋರ್ಡು ಬರೆಯುವವರೊಬ್ಬರ ಬಳಿ ಕೆಲಸ ಕಲಿಯುತ್ತಿದ್ದೆ. ಬಸ್ಸುಗಳ ಹೆಸರು, ಅಂಗಡಿಯ ಫಲಕ, ಯಕ್ಷಗಾನ ಮೇಳದ ಬ್ಯಾನರ್, ಎಲ್ಲವನ್ನೂ ಕೈಯಲ್ಲೇ ಬರೆಯುತ್ತಿದ್ದ ಕಾಲ. ಆ ಮಳೆಗಾಲ ನನ್ನ ದೊಡ್ಡಪ್ಪನ ಮಗ ದುಬೈಯಿಂದ ರಜೆಗೆ ಬಂದ. ಟೇಪ್ ರೆಕಾರ್ಡರ್, ಸಾಬೂನು, ಸೆಂಟಿನ ಜೊತೆಗೆ ಒಂದಷ್ಟು ಕ್ಯಾಸೆಟ್ಟುಗಳಿದ್ದವು. ಅವುಗಳಲ್ಲೊಂದು ಪಬ್ಲಿಕ್ ಎನಿಮಿಯದು. ಹಾಡಿನ ಒಂದು ಪದವೂ ನನಗೆ ಅರ್ಥವಾಗಲಿಲ್ಲ. ಆದರೆ ಹೊದಿಕೆಯ ಮೇಲಿದ್ದ ಗುರುತು ಕಣ್ಣಿಗೆ ನೆಟ್ಟಿತು. ಬಂದೂಕಿನ ಗುರಿಗನ್ನಡಿಯ ದುಂಡು ಗೆರೆ, ಅದರೊಳಗೆ ಟೊಪ್ಪಿ ಹಾಕಿಕೊಂಡು ಕೈಕಟ್ಟಿ ನಿಂತ ಒಬ್ಬ ಮನುಷ್ಯ. ಪೂರಾ ಕಪ್ಪು, ನೆರಳಿನ ಹಾಗೆ. ಕಣ್ಣಿಲ್ಲ, ಮೂಗಿಲ್ಲ. ಆದರೂ ದೂರದಿಂದ ಗುರುತು ಸಿಗುತ್ತಿತ್ತು. ಬೋರ್ಡು ಬರೆಯುವವನಿಗೆ ಅದಕ್ಕಿಂತ ಇನ್ನೇನು ಬೇಕು?

ನಮ್ಮೂರ ಕ್ರಿಕೆಟ್ ತಂಡದ ಬನಿಯನ್‌ಗಳ ಬೆನ್ನಿಗೆ ಅದನ್ನೇ ಹಾಕಬೇಕೆಂದು ನಿರ್ಧರಿಸಿದೆ. ಆಗ ನಾವು ಅಚ್ಚು ಕೊರೆಯುತ್ತಿದ್ದುದು ಹಳೆಯ ಎಕ್ಸ್‌ರೇ ಹಾಳೆಯಲ್ಲಿ. ಅದು ನೆನೆಯುವುದಿಲ್ಲ, ಸುಲಭವಾಗಿ ಹರಿಯುವುದೂ ಇಲ್ಲ. ಅಟ್ಟದಲ್ಲಿ ಅಜ್ಜನ ಎದೆಯ ಎಕ್ಸ್‌ರೇ ಇತ್ತು, ತೆಗೆದುಕೊಂಡೆ. ಬ್ಲೇಡಿನಿಂದ ಕೊರೆಯತೊಡಗಿದೆ. ದುಂಡು ಗೆರೆಯನ್ನು ಪೂರ್ತಿ ಸುತ್ತಿ ಕೊರೆದ ಕೂಡಲೇ ನಡುವಿನ ಭಾಗವೆಲ್ಲ ಕಳಚಿ ನೆಲಕ್ಕೆ ಬಿತ್ತು. ನಮ್ಮ ಯಜಮಾನರು ಬಂದು ನೋಡಿ, "ಕೊಂಡಿ ಬಿಡದೆ ಕೊರೆದರೆ ನಿಲ್ಲುತ್ತದೆಯೇ?" ಎಂದರು. ಕೊಂಡಿ ಎಂದರೆ ಹೊರಗಿನ ಹಾಳೆಗೂ ಒಳಗಿನ ತುಂಡಿಗೂ ನಡುವೆ ಕೊರೆಯದೆ ಉಳಿಸುವ ಸಣ್ಣ ಪಟ್ಟಿ. ಅಜ್ಜನದೇ ಇನ್ನೊಂದು ಎಕ್ಸ್‌ರೇ ತೆಗೆದು, ನಾಲ್ಕು ಕಡೆ ಬೆರಳುಗುರಿನಷ್ಟು ಅಗಲದ ಕೊಂಡಿ ಬಿಟ್ಟು ಕೊರೆದೆ. ನಿಂತಿತು. ಹನ್ನೊಂದು ಬನಿಯನ್, ಹನ್ನೊಂದು ಕಪ್ಪು ಮನುಷ್ಯರು. ಟೊಪ್ಪಿ ನೋಡಿದ ಊರವರು ಪೊಲೀಸಿನವನ ಚಿತ್ರ ಯಾಕೆ ಹಾಕಿದ್ದೀರಿ ಎಂದು ಕೇಳಿದರು.

ವರ್ಷಗಳು ಕಳೆದ ಮೇಲೆ, ಮಕ್ಕಳಿಗೆ ಪಾಠ ಮಾಡಲೆಂದು ಲಾಂಛನಗಳ ಬಗ್ಗೆ ಓದುತ್ತಿದ್ದಾಗ ತಿಳಿಯಿತು, ಆ ಗುರುತನ್ನು ರೂಪಿಸಿದವರು ಹಾಡುಗಾರರೇ! ಚಕ್ ಡಿ ಅಡೆಲ್ಫಿ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದಿದವರು, ಕಾಲೇಜಿನ ಪತ್ರಿಕೆಗೆ ಕಾಮಿಕ್ಸ್ ಬರೆದುಕೊಟ್ಟವರು. ಬೇರೊಂದು ಪತ್ರಿಕೆಯ ಫೋಟೋದಿಂದ ಆ ಮನುಷ್ಯನ ಆಕಾರವನ್ನು ಕತ್ತರಿಸಿ ತೆಗೆದು ಅವರು ಆ ಗುರುತು ಮಾಡಿದ್ದರು. ನನ್ನ ಹಾಗೆಯೇ ಬ್ಲೇಡು ಹಿಡಿದು. ಅಮೆರಿಕದಲ್ಲಿಯೂ ಎಷ್ಟೋ ಜನ ಟೊಪ್ಪಿ ನೋಡಿ ಪೊಲೀಸನೆಂದೇ ತಿಳಿದಿದ್ದರಂತೆ. ನಿಜವಾಗಿ ಆತ ಒಬ್ಬ ಕರಿಯ ಯುವಕ, ಮತ್ತೊಬ್ಬ ರ‍್ಯಾಪ್ ಕಲಾವಿದನ ಜೊತೆಗಾರ. ಆ ದೇಶದಲ್ಲಿ ಕರಿಯ ಗಂಡಸು ಸದಾ ಯಾರದೋ ಗುರಿಯೊಳಗೆ ಬದುಕುತ್ತಾನೆ ಎಂಬುದನ್ನು ಆ ಗುರುತು ಹೇಳುತ್ತದೆ. ಮೂರು ನಿಮಿಷದ ಹಾಡಿನ ವಿಷಯವನ್ನು ಬೆನ್ನಿನ ಮೇಲಿನ ಒಂದು ಗೆರೆ ಹೇಳಿಬಿಟ್ಟಿತ್ತು. ಅದನ್ನೋದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾತಿಗಿಂತ ಮೊದಲು ಗೆರೆ ಎಂದು ನಾನು ಹೇಳುವುದು ಇದಕ್ಕೇ.

ಈ ಕಥೆಗೇ ಹೆಚ್ಚು ಹೊತ್ತು ಹಿಡಿಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅವರು ಕಾಲೇಜಿನ ರೇಡಿಯೋದಲ್ಲಿ ಕಾರ್ಯಕ್ರಮ ಕೊಡುತ್ತಿದ್ದರು. ತಂಡ ಕೂಡಿದ್ದೂ ಆ ರೇಡಿಯೋದ ಗೆಳೆತನದಿಂದಲೇ. ಅವರ ಗುಡುಗಿನಂತಹ ಧ್ವನಿಗೆ ಮಾದರಿ ಮಾರ್ವ್ ಆಲ್ಬರ್ಟ್ ಎಂಬ ಬಾಸ್ಕೆಟ್‌ಬಾಲ್ ವೀಕ್ಷಕ ವಿವರಣೆಗಾರರು. ಕಂಬಳದ ಗದ್ದೆಯ ಬದಿಯಲ್ಲಿ ಮೈಕು ಹಿಡಿದವರ ಧ್ವನಿ ಕೇಳಿ ನಮ್ಮ ಹುಡುಗನೊಬ್ಬ ಹಾಡುಗಾರನಾದ ಹಾಗೆ. ಮುಂದೆ 2004ರಲ್ಲಿ ಮತ್ತೆ ರೇಡಿಯೋ ನಿರೂಪಕರಾದರು. 1999ರಲ್ಲಿಯೇ ಆಲ್ಬಂ ಒಂದನ್ನು ಇಂಟರ್‌ನೆಟ್ ಮೂಲಕ ಬಿಡುಗಡೆ ಮಾಡಿದ್ದರು. 2013ರಲ್ಲಿ ಅಲ್ಲಿನ ದೊಡ್ಡ ಗೌರವವಾದ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ತಂಡ ಸೇರಿತು. 2023ರಲ್ಲಿ ಅವರ ಚಿತ್ರಗಳ ದೊಡ್ಡ ಪುಸ್ತಕವೇ ಬಂತು. ಮುದಿಪ್ರಾಯದ ಹವ್ಯಾಸ ಎಂದು ಕೆಲವರು ತಿಳಿಯುತ್ತಾರೆ. ತಪ್ಪು. ಅದು ಅವರ ಮೊದಲ ವಿದ್ಯೆ, ಮರಳಿ ಮನೆಗೆ ಬಂದಿತು.

ನಮ್ಮ ಜಿಲ್ಲೆಗೆ ಇದು ಹೊಸತೇ? ಕೋಟದ ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನದ ಬ್ಯಾಲೆಯನ್ನೂ ಕಟ್ಟಿದರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಗೆರೆಗೆ ಲಯ ಬರಬೇಕೆಂದು ಕಥಕ್ ನೃತ್ಯವನ್ನೇ ಕಲಿತರು! ಅವರ ಗೆರೆಗಳನ್ನು ನೋಡಿ, ಹೆಜ್ಜೆ ಕಾಣುತ್ತದೆ.

ಇಷ್ಟಿದ್ದೂ ಪ್ರತಿ ಜೂನಿನಲ್ಲಿ ನಾನು ಕೇಳಿದ್ದು ಒಂದೇ ಮಾತು: "ಸರ್, ಇವಳು ಒಂಬತ್ತನೆಗೆ ಬಂದಳು, ಇನ್ನು ಡ್ರಾಯಿಂಗ್ ಬೇಡ." ಯಾಕೆ ಬೇಡ? ವಾರಕ್ಕೆ ಎರಡು ಗಂಟೆ ಚಿತ್ರ ಬರೆದರೆ ಗಣಿತ ಓಡಿಹೋಗುತ್ತದೆಯೇ? ಡ್ರಾಯಿಂಗ್ ಪುಸ್ತಕ ಅಟ್ಟಕ್ಕೆ ಹೋದ ಮೇಲೆ ಎಷ್ಟು ಮಕ್ಕಳ ಮುಖ ಸಪ್ಪಗಾಗಿದ್ದನ್ನು ಕಂಡಿದ್ದೇನೆ. ಅಕ್ಕಂದಿರೇ, ಆ ಪುಸ್ತಕವನ್ನು ಕೆಳಗಿಳಿಸಿ ಕೊಡಿ. ಮಗು ಮುಂದೆ ಏನೇ ಆಗಲಿ, ಗೆರೆ ಜೊತೆಗಿರಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ತುಳುವಿನಲ್ಲಿ ರ‍್ಯಾಪ್ ಮಾಡುತ್ತಾನೆ. ಕಳೆದ ತಿಂಗಳು ಮನೆಗೆ ಬಂದಿದ್ದ. ಆ ಎಕ್ಸ್‌ರೇ ಅಚ್ಚನ್ನು ತೆಗೆದು ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದ. ಟೊಪ್ಪಿಯ ಮನುಷ್ಯನ ಸುತ್ತಲೂ ನನ್ನ ಅಜ್ಜನ ಪಕ್ಕೆಲುಬುಗಳು ಕಂಡವು. ತುಂಬ ಹೊತ್ತು ನೋಡಿ, ತನ್ನ ತಂಡದ ಗುರುತನ್ನು ತಾನೇ ಬರೆಯುತ್ತೇನೆ ಎಂದ. ಈಗಾಗಲೇ ನಾಲ್ಕು ಹಾಳೆ ಕೆಟ್ಟಿವೆ, ಕೊಂಡಿ ಬಿಡುವುದು ಅವನಿಗಿನ್ನೂ ಕೈಗೆ ಬಂದಿಲ್ಲ. ಈ ಭಾನುವಾರ ಮತ್ತೆ ಬರುತ್ತಾನೆ.

ನಮಸ್ಕಾರ.