ಹೊಸ ಸೀಲ್ ಹಾಕಿಸಿದರೂ ಹಿಂದಿನ ಆಕ್ಸಲ್ ಸೋರುವುದೇಕೆ?

ನಮಸ್ಕಾರ. ಜೀಪು, ಪಿಕಪ್‌ಗಳ ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ: ಎಂಜಿನ್ನಿನ ಶಕ್ತಿಯನ್ನು ಹಿಂದಕ್ಕೆ ತರುವ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕಡೆ, ಆ ಶಕ್ತಿಯನ್ನು ಎರಡು ಚಕ್ರಗಳಿಗೂ ಹಂಚುವ ಡಿಫರೆನ್ಷಿಯಲ್‌ನ ಪಿನಿಯನ್ (ಶಕ್ತಿ ಒಳಬರುವ ಗೇರ್) ಸೀಲನ್ನು ಈಚೆಗಷ್ಟೇ ಬದಲಿಸಿದ್ದರೂ ಅಲ್ಲಿಂದಲೇ ಮತ್ತೆ ಆಯಿಲ್ ಜಿನುಗುವುದೇಕೆ?

ಗಾಡಿ ಓಡುವಾಗ ಗಾಳಿಯು ಆಯಿಲನ್ನು ಹಿಂದಕ್ಕೆ ಒಯ್ಯುವುದರಿಂದ, ಹನಿ ಬೀಳುವ ಜಾಗವೇ ಸೋರುವ ಜಾಗವೆಂದು ನಂಬುವಂತಿಲ್ಲ. ಆಕ್ಸಲ್‌ನ ಹೊರಕವಚವಾದ ಹೌಸಿಂಗನ್ನು ತೊಳೆದು ಒಣಗಿಸಿ, ಸ್ವಲ್ಪ ದೂರ ಓಡಿಸಿ, ಒದ್ದೆಯಾದ ಭಾಗದ ಅತಿ ಮೇಲಿನ ಮತ್ತು ಮುಂದಿನ ತುದಿಯನ್ನು ಹುಡುಕಬೇಕು. ಗಂಧಕದ ಕಟುವಾಸನೆ ಬಂದರೆ ಅದು ಗೇರ್ ಆಯಿಲ್ ಎನ್ನಬಹುದು.

[ದೃಶ್ಯ: ಆಕ್ಸಲ್ ಮೇಲಿನ ಬ್ರೀದರ್, ಹತ್ತಿರದಿಂದ]

ಈಗ ಈ ಪುಟ್ಟ ಬ್ರೀದರನ್ನು ನೋಡಿ. ಆಕ್ಸಲ್ ಒಳಗಿನ ಬಿಸಿ 30 ಡಿಗ್ರಿ ಸೆಲ್ಸಿಯಸ್‌ನಿಂದ 90ಕ್ಕೆ ಏರಿದಾಗ ಹಿಗ್ಗುವ ಗಾಳಿ ಹೊರಹೋಗಲು ಇರುವ ದಾರಿ ಇದೊಂದೇ. ಕೆಸರು ಕಟ್ಟಿ ಇದು ಮುಚ್ಚಿದರೆ ಒಳಗಿನ ಒತ್ತಡ ಸುಮಾರು 20 ಶೇಕಡ, ಅಂದರೆ ಚದರ ಇಂಚಿಗೆ ಸುಮಾರು 3 ಪೌಂಡ್‌ನಷ್ಟು ಹೆಚ್ಚುತ್ತದೆ. ಸೀಲಿನ ತೆಳುವಾದ ರಬ್ಬರ್ ತುಟಿ ಇರುವುದು ಸಿಡಿಯುವ ಆಯಿಲನ್ನು ತಡೆಯಲು. ಒತ್ತಡವನ್ನು ತಡೆಯಲು ಅಲ್ಲ. ವಿಷಲ್ ಕಟ್ಟಿಕೊಂಡ ಕುಕ್ಕರಿನಲ್ಲಿ ಗ್ಯಾಸ್ಕೆಟ್ ಎಷ್ಟು ಹೊಸದಾದರೇನು, ಉಗಿ ಅದರ ಅಂಚಿನಿಂದಲೇ ನುಗ್ಗುತ್ತದೆ.

ನನಗೆ ಇದಕ್ಕಿಂತಲೂ ಸೋಜಿಗವೆನಿಸುವುದು ಇದರ ತಿರುಗುಮುರುಗು. ಮಳೆಗಾಲದಲ್ಲಿ ಮಲೆನಾಡಿನ ಜೀಪು ದೂರದಿಂದ ಓಡಿಬಂದು ತಣ್ಣನೆಯ ಹಳ್ಳಕ್ಕೆ ಇಳಿದಾಗ, ಕಾದ ಆಕ್ಸಲ್ ಥಟ್ಟನೆ ತಣಿದು ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆಕ್ಸಲ್ ಸೀಲಿನ ಅಂಚಿನಿಂದಲೇ ನೀರನ್ನು ಒಳಗೆಳೆದುಕೊಳ್ಳುತ್ತದೆ. ಆಯಿಲ್ ಬೆಳ್ಳಗೆ ಮಬ್ಬಾಗಿದ್ದರೆ ಸೋರಿಕೆ ಎರಡೂ ದಿಕ್ಕಿನಲ್ಲಿ ನಡೆದಿದೆಯೆಂದು ತಿಳಿಯಬೇಕು, ಆ ಆಯಿಲನ್ನು ಪೂರ್ತಿ ಬದಲಿಸಬೇಕು. ಹಳ್ಳ ದಾಟುವ ಗಾಡಿಗಳಿಗೆ ಬ್ರೀದರಿನಿಂದ ಒಂದು ಹೋಸನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ಒಯ್ದು ಕಟ್ಟುವುದು ಖರ್ಚು ಕಡಿಮೆಯ, ಬಹಳ ಒಳ್ಳೆಯ ಉಪಾಯ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರೊಪೆಲ್ಲರ್ ಶಾಫ್ಟನ್ನು ಪಿನಿಯನ್ನಿಗೆ ಜೋಡಿಸುವ, ಸೀಲ್ ಕೂರುವ ಫ್ಲಾಂಜಿನ ಮೇಲೆ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಸೀಲೊಂದನ್ನೇ ಬದಲಿಸಿ ಫಲವಿಲ್ಲ, ಫ್ಲಾಂಜನ್ನೂ ಸರಿಪಡಿಸಬೇಕು. ಕ್ರಶ್ ಸ್ಲೀವ್ (ನಟ್ ಬಿಗಿದಂತೆ ಅದುಮಿಕೊಂಡು ಬೇರಿಂಗಿನ ಬಿಗುವನ್ನು ಹೊಂದಿಸುವ ಕೊಳವೆ) ಇರುವ ಆಕ್ಸಲ್‌ಗಳಲ್ಲಿ ಪಿನಿಯನ್ ನಟ್ಟನ್ನು ಅಂದಾಜಿನಲ್ಲಿ ಬಿಗಿದರೆ ಬೇರಿಂಗ್ ಹಾಳಾಗುತ್ತದೆ. ಅದನ್ನು ಸರ್ವೀಸ್ ಮ್ಯಾನುಯಲ್ ಬಲ್ಲ ಮೆಕ್ಯಾನಿಕ್‌ಗೇ ಬಿಡಿ. ಚಕ್ರದ ಕಡೆಯ ಸೀಲ್ ಸೋರಿ ಬ್ರೇಕ್ ಡ್ರಮ್ಮಿಗೆ ಆಯಿಲ್ ಇಳಿದಿದ್ದರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಆಯಿಲ್ ಕುಡಿದ ಲೈನರನ್ನು ಒರೆಸಿ ಮತ್ತೆ ಹಾಕಬಾರದು, ಎರಡೂ ಕಡೆಯ ಲೈನರುಗಳನ್ನು ಒಟ್ಟಿಗೇ ಬದಲಿಸಬೇಕು.