ರೋಜರ್ಸ್ ಎದುರು ಮಂಡ್ಯದ ಹುಡುಗ

ಕೇಳುಗರಿಗೆ ನಮಸ್ಕಾರ.

ಮೈಸೂರಿನಲ್ಲಿ ಮನಶ್ಶಾಸ್ತ್ರಕ್ಕೂ ಬಾನುಲಿಗೂ ಹಳೇ ನಂಟು. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಹಾಗಾಗಿ ಇವತ್ತಿನ ವಿಷಯ ಮೈಸೂರಿನ ಮೈಕಿಗೆ ಹೊಸದೇನಲ್ಲ. ಆಪ್ತಸಮಾಲೋಚನೆ, ಅಂದರೆ ಕೌನ್ಸೆಲಿಂಗ್, ಅದರ ಸಿದ್ಧಾಂತಗಳ ಮೇಲೆ ಸಂಶೋಧನಾ ಪ್ರಬಂಧ ಬರೆಯಬೇಕಾಗಿರುವ ವಿದ್ಯಾರ್ಥಿಗಳ ಜೊತೆ ಸ್ವಲ್ಪ ಮಾತಾಡಬೇಕು ಅಂತ ಬಂದಿದ್ದೇನೆ. ಮಾನಸಗಂಗೋತ್ರಿಯ ಹಾಸ್ಟೆಲಿನಲ್ಲಿ ಇರುವವರು, ಮಂಡ್ಯದಿಂದ ದಿನಾ ರೈಲು ಹತ್ತಿ ಬರುವವರು, ಕೆಲಸ ಮಾಡಿಕೊಂಡೇ ಡಿಪ್ಲೊಮಾ ಓದುತ್ತಿರುವ ಮೇಷ್ಟ್ರುಗಳು, ಎಲ್ಲರೂ ಕೇಳಬಹುದು.

ಇಂಥ ಪ್ರಬಂಧಗಳನ್ನು ನಾನು ತುಂಬಾ ಓದಿದ್ದೇನೆ. ಹೆಚ್ಚಿನವು ದಸರಾ ಮೆರವಣಿಗೆಯ ಸ್ತಬ್ಧಚಿತ್ರಗಳ ಹಾಗೆ ಸಾಗುತ್ತವೆ. ಸಿದ್ಧಾಂತ ಕಟ್ಟಿದವರಲ್ಲಿ ಮೊದಲು ಫ್ರಾಯ್ಡ್ ಬರುತ್ತಾರೆ, ಹಿಂದೆ ಆಡ್ಲರ್, ಆಮೇಲೆ ರೋಜರ್ಸ್, ಎಲಿಸ್, ಬೆಕ್. ಒಬ್ಬೊಬ್ಬರಿಗೂ ಎರಡೆರಡು ಪುಟ. ಒಬ್ಬರು ಇನ್ನೊಬ್ಬರ ಕಡೆ ತಿರುಗಿಯೂ ನೋಡುವುದಿಲ್ಲ. ಕೊನೆಗೆ 'ಎಲ್ಲ ಸಿದ್ಧಾಂತಗಳಿಗೂ ಅವುಗಳದೇ ಮಹತ್ವವಿದೆ' ಅಂತ ಒಂದು ಸಾಲು. ಶ್ರಮ ಪಟ್ಟಿರುತ್ತಾರೆ, ಇಲ್ಲ ಅನ್ನಲ್ಲ. ಆದರೆ ಅಲ್ಲಿ ಪ್ರಶ್ನೆಯೇ ಇರುವುದಿಲ್ಲ.

ಪ್ರಶ್ನೆ ಇಟ್ಟುಕೊಂಡವರು ಕೂಡ ಬಹಳ ಸಲ ಇಟ್ಟುಕೊಳ್ಳುವುದು ಒಂದೇ: ಯಾವ ಸಿದ್ಧಾಂತ ಎಲ್ಲಕ್ಕಿಂತ ಒಳ್ಳೆಯದು? ಇದನ್ನು ದಯವಿಟ್ಟು ಬಿಟ್ಟುಬಿಡಿ. ಎಲ್ಲ ಪದ್ಧತಿಗಳಲ್ಲೂ ಕೆಲಸ ಮಾಡುವುದು ಅವುಗಳಿಗೆ ಸಮಾನವಾದ ಕೆಲವು ಅಂಶಗಳೇ ಇರಬಹುದು ಅಂತ ಮನಶ್ಶಾಸ್ತ್ರಜ್ಞ ಸಾಲ್ ರೋಸೆನ್‌ಜ್ವೀಗ್ 1936ರಲ್ಲೇ ಬರೆದರು. 1977ರಲ್ಲಿ ಸ್ಮಿತ್ ಮತ್ತು ಗ್ಲಾಸ್ ಅನ್ನುವ ಸಂಶೋಧಕರು ಸೇರಿ ಮನೋಚಿಕಿತ್ಸೆಯ 375 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಲೆಕ್ಕ ಮಾಡಿದರು. ಚಿಕಿತ್ಸೆಯಿಂದ ಪ್ರಯೋಜನ ಆಗುತ್ತದೆ, ಆದರೆ ಪದ್ಧತಿ ಪದ್ಧತಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಅಂತ ಬಂತು. ಆ ಜಗಳ ಇನ್ನೂ ಮುಗಿದಿಲ್ಲ. ನಿಮ್ಮ ಒಂದು ಸೆಮಿಸ್ಟರಿನ ಪ್ರಬಂಧ ಅದನ್ನು ಮುಗಿಸುವುದೂ ಇಲ್ಲ.

ಹಾಗಾದರೆ ಪ್ರಶ್ನೆ ಎಲ್ಲಿ ಸಿಗುತ್ತದೆ? ನನ್ನ ಪ್ರಕಾರ, ಕೌನ್ಸೆಲಿಂಗ್ ಕೋಣೆಯ ಬಾಗಿಲಲ್ಲೇ ಸಿಗುತ್ತದೆ. ಒಂದು ಸನ್ನಿವೇಶ ಕಲ್ಪಿಸಿಕೊಳ್ಳಿ. ಮಂಡ್ಯದ ಒಂದು ಕಾಲೇಜು. ಸೆಕೆಂಡ್ ಪಿಯುಸಿಯಲ್ಲಿ ಫೇಲಾದ ಹುಡುಗನನ್ನು ಅವನಪ್ಪ ಕರಕೊಂಡು ಬಂದಿದ್ದಾರೆ. ಕಬ್ಬಿನ ಗದ್ದೆಗೆ ನೀರು ಕಟ್ಟುವುದು ಬಿಟ್ಟು ಬಂದಿದ್ದಾರೆ, ಮನಸ್ಸು ಅಲ್ಲೇ ಇದೆ. ಕೂತವರೇ, 'ಇವ್ನಿಗೆ ವಸಿ ಬುದ್ಧಿ ಹೇಳಿ ಮೇಡಂ, ನಮ್ ಮಾತು ಕೇಳಕಿಲ್ಲ' ಅನ್ನುತ್ತಾರೆ. ಅಪ್ಪನನ್ನು ಹೊರಗೆ ಕೂರಿಸಿ ಹುಡುಗನನ್ನು ಮಾತಾಡಿಸಿದರೆ ಅವನೂ ಅದನ್ನೇ ಕೇಳುತ್ತಾನೆ: 'ನೀವೇ ಹೇಳಿ ಮೇಡಂ, ನಾನೇನ್ ಮಾಡ್ಲಿ?'

ಕೌನ್ಸೆಲರ್ ಮೇಡಂ ಕ್ಲಾಸಿನಲ್ಲಿ ರೋಜರ್ಸ್ ಓದಿದ್ದಾರೆ. ಬುದ್ಧಿ ಹೇಳಬಾರದು, ದಾರಿ ತೋರಿಸಬಾರದು, ಕೇಳಿಸಿಕೊಳ್ಳಬೇಕು. ಹುಡುಗ ಹೇಳಿದ್ದನ್ನೇ ಅವನಿಗೆ ಮೆತ್ತಗೆ ತಿರುಗಿ ಹೇಳುತ್ತಾರೆ: 'ಏನು ಮಾಡಬೇಕು ಅಂತ ನಿನಗೆ ತೋಚುತ್ತಿಲ್ಲ, ಅಲ್ವಾ?' ಹುಡುಗ ತಲೆ ಆಡಿಸುತ್ತಾನೆ. ಸುಮ್ಮನಾಗುತ್ತಾನೆ. ಮುಂದಿನ ವಾರ ಬರುವುದೇ ಇಲ್ಲ.

ಇಲ್ಲಿ ನಿಮಗೊಂದು ಒಳ್ಳೆಯ ಪ್ರಬಂಧ ಇದೆ. ಬುದ್ಧಿ ಕೇಳಿಕೊಂಡು ಬರುವವರಿಗೆ, ಬುದ್ಧಿ ಹೇಳದ ಕೌನ್ಸೆಲಿಂಗ್ ಹೇಗೆ ಕಾಣುತ್ತದೆ?

ಈಗ ಓದಿನ ಕಡೆ ಬನ್ನಿ. ಗೈಡ್ ಪುಸ್ತಕ ಬದಿಗಿಡಿ. ಕಾರ್ಲ್ ರೋಜರ್ಸ್ 1957ರಲ್ಲಿ ಬರೆದ ಒಂದು ಲೇಖನವಿದೆ. ಮನುಷ್ಯನ ವ್ಯಕ್ತಿತ್ವ ಬದಲಾಗಲು ಯಾವ ಷರತ್ತುಗಳು ಅಗತ್ಯ, ಯಾವುವು ಇದ್ದರೆ ಸಾಕು ಅನ್ನುವುದರ ಬಗ್ಗೆ. ಇರುವುದು ಒಂಬತ್ತೇ ಪುಟ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ ಬಂದು ಕೂತರೆ ರಾತ್ರಿ ಊಟದೊಳಗೆ ಮುಗಿಯುತ್ತದೆ. ಆದರೂ ಅದನ್ನು ಓದದೆಯೇ ರೋಜರ್ಸ್ ಬಗ್ಗೆ ಹತ್ತು ಪುಟ ಬರೆಯುವವರು ಬೇಕಾದಷ್ಟು ಜನ.

ಓದಿದರೆ ಏನು ಸಿಗುತ್ತದೆ ಗೊತ್ತಾ? ನೋಟ್ಸಿನಲ್ಲಿ ನಮಗೆ ಬರೆಸುವುದು ಮೂರು ಗುಣ. ಕೌನ್ಸೆಲರ್ ಒಳಗೂ ಹೊರಗೂ ಒಂದೇ ಆಗಿರಬೇಕು, ಕ್ಲೈಂಟನ್ನು ಷರತ್ತಿಲ್ಲದೆ ಆದರಿಸಬೇಕು, ಅವನ ಕಣ್ಣಿನಿಂದ ಅವನ ಲೋಕ ನೋಡಬೇಕು. ಲೇಖನದಲ್ಲಿ ಇರುವುದು ಆರು. ಇಬ್ಬರ ನಡುವೆ ಮಾನಸಿಕ ಸಂಪರ್ಕ ಇರಬೇಕು ಅನ್ನುವುದು ಮೊದಲನೆಯದು. ಕ್ಲೈಂಟಿನ ಮನಸ್ಸಿನಲ್ಲಿ ತಾಕಲಾಟ, ಆತಂಕ ಇರಬೇಕು ಅನ್ನುವುದು ಎರಡನೆಯದು. ನಡುವೆ ಆ ಮೂರು ಗುಣ. ಆರನೆಯ ಷರತ್ತು ನಮಗೆ ಮುಖ್ಯ. ಕೌನ್ಸೆಲರ್ ತೋರಿಸುವ ಆದರ, ಅರ್ಥಮಾಡಿಕೊಳ್ಳುವ ಗುಣ, ಇವು ಕ್ಲೈಂಟಿಗೆ ಸ್ವಲ್ಪಮಟ್ಟಿಗಾದರೂ ಮುಟ್ಟಿರಬೇಕು.

ನಮ್ಮ ಹುಡುಗನನ್ನು ಈಗ ಮತ್ತೆ ನೋಡಿ. ಅವನನ್ನು ಪ್ರೀತಿಸುವವರೆಲ್ಲ ಇದುವರೆಗೆ ಅವನಿಗೆ ಬುದ್ಧಿ ಹೇಳಿದವರೇ. ಅಜ್ಜಿ, ಅಪ್ಪ, ಪಕ್ಕದ ಮನೆ ಮೇಷ್ಟ್ರು, ಎಲ್ಲರೂ. ಅವನ ಪಾಲಿಗೆ ಕಾಳಜಿ ಅಂದರೆ ಅದೇ. ಏನೂ ಹೇಳದೆ ಕೂತ ಮೇಡಂ ಅವನಿಗೆ ಕಾಳಜಿ ಇಲ್ಲದವರ ಹಾಗೆ ಕಂಡಿರಬಹುದು. ಮೇಡಂ ಮನಸ್ಸಿನಲ್ಲಿ ಆದರ ತುಂಬಿರಬಹುದು, ಆದರೆ ಅದು ಅವನಿಗೆ ಮುಟ್ಟಲಿಲ್ಲ. ಅಂದರೆ ರೋಜರ್ಸ್ ಸಿದ್ಧಾಂತ ಮಂಡ್ಯದಲ್ಲಿ ಸೋತಿತು ಅಂತ ಬರೆಯುವ ಹಾಗಿಲ್ಲ. ರೋಜರ್ಸೇ ಹಾಕಿದ ಆರನೆಯ ಷರತ್ತು ಅಲ್ಲಿ ಪೂರೈಸಲಿಲ್ಲ, ಅಷ್ಟೆ. ಮೂರೇ ಗುಣ ಓದಿದವರಿಗೆ ಈ ವಾದ ಹೊಳೆಯುವುದಿಲ್ಲ.

ಇದಕ್ಕೆ ನಮ್ಮ ದೇಶದಿಂದಲೇ ಒಂದು ಉತ್ತರವನ್ನು ಪಕ್ಕದಲ್ಲಿಡಿ. ಮನೋವೈದ್ಯ ಜೆ.ಎಸ್. ನೇಕಿ 1973ರಲ್ಲಿ ಗುರು-ಚೇಲಾ ಸಂಬಂಧವನ್ನು ಚಿಕಿತ್ಸೆಗೆ ಮಾದರಿಯಾಗಿ ನೋಡಬಹುದು ಅಂತ ಬರೆದರು. ಭಾರತದ ಕ್ಲೈಂಟ್ ಕೌನ್ಸೆಲರಲ್ಲಿ ಗುರುವನ್ನು ಹುಡುಕಿದರೆ ಅದನ್ನು ರೋಗ ಅಂತ ನೋಡಬೇಕಾಗಿಲ್ಲ. ಈಗ ರೋಜರ್ಸ್, ನೇಕಿ ಇಬ್ಬರೂ ಒಬ್ಬರಿಗೊಬ್ಬರು ಮಾತಾಡಿದರು. ನಿಮ್ಮ ಪ್ರಬಂಧದ ಎರಡನೇ ಅಧ್ಯಾಯ ಅದೇ.

ಒಂದು ಎಚ್ಚರ. ಇಷ್ಟು ಕೇಳಿದ ಕೂಡಲೇ ಕೆಲವರು, ಹಾಗಾದರೆ ಆಲ್ಬರ್ಟ್ ಎಲಿಸ್ ನಮಗೆ ಸರಿ, ಅವರು ನೇರವಾಗಿ ಹೇಳುತ್ತಾರಲ್ಲ ಅಂತ ಬರೆದುಬಿಡುತ್ತಾರೆ. ಎಲಿಸ್ ಖಂಡಿತ ನೇರ. ಆದರೆ ಅವರದು ಅಜ್ಜಿಯ ಬುದ್ಧಿವಾದ ಅಲ್ಲ. ಫೇಲಾದದ್ದು ಒಂದು ಘಟನೆ. 'ಫೇಲಾದವನು ಯಾವುದಕ್ಕೂ ಬಾರದವನು' ಅನ್ನುವುದು ಹುಡುಗನ ನಂಬಿಕೆ. ರೂಮಿನಿಂದ ಹೊರಗೆ ಬಾರದೆ ಕೂತಿರುವುದು ಪರಿಣಾಮ. ಎಲಿಸ್ ಕೈ ಹಾಕುವುದು ನಡುವಿನ ನಂಬಿಕೆಗೆ. ಅದಕ್ಕೆ ಸಾಕ್ಷಿ ಏನಿದೆ ಅಂತ ಅವನನ್ನೇ ಕೇಳುತ್ತಾರೆ. 'ನೀನು ಮತ್ತೆ ಪರೀಕ್ಷೆ ಕಟ್ಟು' ಅಂತ ಹೇಳುವುದಕ್ಕೂ ಇದಕ್ಕೂ ಬಹಳ ದೂರ. ರೋಜರ್ಸ್, ಗೆಸ್ಟಾಲ್ಟ್ ಅನ್ನುವ ಚಿಕಿತ್ಸಾ ಪದ್ಧತಿಯ ಪರ್ಲ್ಸ್, ಎಲಿಸ್ ಮೂವರೂ ಗ್ಲೋರಿಯಾ ಅನ್ನುವ ಒಬ್ಬಳೇ ಕ್ಲೈಂಟಿನ ಜೊತೆ ಮಾತಾಡಿದ 1965ರ ಒಂದು ಫಿಲ್ಮ್ ಇದೆ. ಅದನ್ನು ನೋಡಿ. ಸಿದ್ಧಾಂತದ ವ್ಯತ್ಯಾಸ ಧ್ವನಿಯಲ್ಲಿ, ತಡೆದು ಮಾತಾಡುವುದರಲ್ಲಿ ಹೇಗೆ ಗೊತ್ತಾಗುತ್ತದೆ ಅನ್ನುವುದು ಪುಸ್ತಕಕ್ಕಿಂತ ಜಾಸ್ತಿ ತಿಳಿಯುತ್ತದೆ.

ಇನ್ನು ಅಳೆಯುವುದು ಹೇಗೆ? ಕೌನ್ಸೆಲರ್ ಗುಣ ಕ್ಲೈಂಟಿಗೆ ಮುಟ್ಟಿತೋ ಇಲ್ಲವೋ ಅಂತ ಕ್ಲೈಂಟನ್ನೇ ಕೇಳುವ ಒಂದು ಪ್ರಶ್ನಾವಳಿಯನ್ನು ರೋಜರ್ಸ್ ಶಿಷ್ಯ ಬ್ಯಾರೆಟ್-ಲೆನಾರ್ಡ್ 1962ರಲ್ಲಿ ಪ್ರಕಟಿಸಿದರು. ನಿಮ್ಮ ಪ್ರಶ್ನೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಸುಮ್ನೆ ಕನ್ನಡಕ್ಕೆ ತಿರುಗಿಸಿ ಹಂಚಿಬಿಡಬೇಡಿ. ಬಳಸಲು ಅನುಮತಿ ಕೇಳಿ. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ, ಎಲ್ಲಿ ಅರ್ಥ ಜಾರಿತು ನೋಡಿ. ಆಮೇಲೆ ನಾಲ್ಕಾರು ಹುಡುಗರಿಗೆ ಓದಿ ಹೇಳಿ, ಪುಸ್ತಕದ ಭಾಷೆ ಅನ್ನಿಸಿದರೆ ಬದಲಾಯಿಸಿ. ಇಷ್ಟು ಕೆಲಸವೇ ಒಂದು ಪ್ರಬಂಧ ಆಗುತ್ತದೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಸಂದರ್ಶನ ಮಾಡಿ, ಕಡಿಮೆ ಜನ ಸಾಕು.

ಪಿಯುಸಿ ಮಕ್ಕಳು ಅಂದರೆ ಹೆಚ್ಚಿನವರಿಗೆ 18 ತುಂಬಿರುವುದಿಲ್ಲ. ಪೋಷಕರ ಒಪ್ಪಿಗೆಯೂ ಬೇಕು, ಹುಡುಗನದೂ ಬೇಕು, ನಿಮ್ಮ ಸಂಸ್ಥೆಯ ನೈತಿಕ ಸಮಿತಿಯದೂ ಬೇಕು. ಇದನ್ನು ಕೊನೆಗೆ ಇಟ್ಟುಕೊಂಡರೆ ಕೆಟ್ಟಿರಿ, ಸಮಿತಿ ಸೇರುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಹೆಸರು ಬದಲಾಯಿಸಿದರೆ ಗುಟ್ಟು ಉಳಿಯಿತು ಅಂದುಕೊಳ್ಳಬೇಡಿ. 'ಮದ್ದೂರು ಹತ್ತಿರದ ಹಳ್ಳಿಯ ಆಲೆಮನೆ ಮಾಲೀಕರ ಎರಡನೇ ಮಗ' ಅಂತ ಬರೆದರೆ ಮದ್ದೂರಿನಲ್ಲಿ ಯಾರಿಗೆ ಗೊತ್ತಾಗಲ್ಲ ಹೇಳಿ? ಊರು, ಕಸುಬು, ಮನೆಯ ವಿವರ ಎಲ್ಲವನ್ನೂ ಮಸುಕು ಮಾಡಬೇಕು.

ಬರೆಯುವ ವಿಚಾರ ಚುಟುಕಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವವರು. ಹಾಗಿದ್ದರೆ ಮೊದಲು ನಿಮ್ಮ ವಾದವನ್ನು ಕನ್ನಡದಲ್ಲೇ ಒಂದು ಪುಟ ಬರೆಯಿರಿ, ತಮ್ಮನಿಗೋ ಅಕ್ಕನಿಗೋ ಓದಿ ಹೇಳಿ. ಅವರಿಗೆ ಅರ್ಥವಾಗದಿದ್ದರೆ ಅದು ಇಂಗ್ಲಿಷಿನ ತೊಂದರೆ ಅಲ್ಲ. ಪೀಠಿಕೆಯನ್ನು ಕೊನೆಗೆ ಬರೆಯಿರಿ. ಓದಿದ ಪ್ರತಿ ಲೇಖನಕ್ಕೂ ಅವರ ಪ್ರಶ್ನೆ ಏನು, ಯಾರ ಮೇಲೆ ನಡೆಸಿದರು, ಏನು ಕಂಡರು, ನನಗೆ ಎಲ್ಲಿ ಅನುಮಾನ ಅಂತ ಅವತ್ತೇ ಗುರುತು ಹಾಕಿಕೊಳ್ಳಿ. ಹಳೆಯ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ನಿಮ್ಮ ವಿಷಯದಲ್ಲಿ ನಮ್ಮ ಕಡೆ ಏನು ಕೆಲಸ ಆಗಿದೆ ಅಂತ ಮೊದಲು ಅಲ್ಲಿ ಹುಡುಕಿ.

ಯುಜಿಸಿಯ 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಸಾಮ್ಯತೆ ಶೇಕಡಾ 10 ದಾಟಬಾರದು ಅಂತಿದೆ. ಅದೊಂದೇ ಅಂಕಿಗೆ ಹೆದರಿ, ಕದ್ದ ಪ್ಯಾರಾದಲ್ಲಿ ಪದ ಬದಲಾಯಿಸುತ್ತಾ ಕೂರುವವರನ್ನು ನೋಡಿದರೆ ನಗು ಬರುತ್ತದೆ. ಅಷ್ಟು ಹೊತ್ತಿನಲ್ಲಿ ಸ್ವಂತದ್ದೇ ಬರೆಯಬಹುದಿತ್ತು. ಚಾಟ್‌ಜಿಪಿಟಿ ಕೇಳುವವರಿಗೂ ಒಂದು ಮಾತು. ಅದು ಇಲ್ಲದ ಲೇಖನಕ್ಕೆ ಇಲ್ಲದ ಲೇಖಕರನ್ನು, ವರ್ಷ ಪುಟಸಂಖ್ಯೆ ಸಮೇತ ಸೃಷ್ಟಿಸಿ ಕೊಡಬಲ್ಲದು. ಪ್ರತಿಯೊಂದು ಆಧಾರವನ್ನೂ ನೀವೇ ತೆರೆದು ನೋಡಿರಬೇಕು.

ಶೀರ್ಷಿಕೆಯನ್ನು ಎಲ್ಲ ಮುಗಿದ ಮೇಲೆ ಇಡಿ. 'ಆಪ್ತಸಮಾಲೋಚನೆಯ ಸಿದ್ಧಾಂತಗಳು: ಒಂದು ಅಧ್ಯಯನ' ಅಂತ ಮಾತ್ರ ಬೇಡ. 'ಸಲಹೆ ನಿರೀಕ್ಷಿಸಿ ಬರುವ ಪಿಯುಸಿ ವಿದ್ಯಾರ್ಥಿಗಳಿಗೆ ಕೌನ್ಸೆಲರ್ ಕಾಳಜಿ ಮುಟ್ಟುತ್ತದೆಯೇ? ಮಂಡ್ಯದ ಎರಡು ಕಾಲೇಜುಗಳಲ್ಲಿ ರೋಜರ್ಸ್ ಆರನೆಯ ಷರತ್ತಿನ ಪರಿಶೀಲನೆ' ಅಂತ ಇಡಿ. ಉದ್ದ ಆಯಿತು ಅಂತ ನಿಮ್ಮ ಗೈಡ್ ಗೊಣಗಬಹುದು. ಗೊಣಗಲಿ ಬಿಡಿ. ನಮಸ್ಕಾರ.