ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಬಿಡುವಿಲ್ಲದ ದುಡಿಮೆಯ ನಡುವೆಯೂ ಮನೆಯಲ್ಲೊಂದು ಪ್ರಾಣಿಯನ್ನು ಸಾಕಬೇಕೆಂಬ ಆಸೆಯುಳ್ಳವರು ಯಾವುದನ್ನು ಆರಿಸಿಕೊಳ್ಳಬೇಕು ಎಂಬುದರ ಬಗ್ಗೆ ನಾಲ್ಕು ಮಾತು ಹೇಳಲು ಪಶುವೈದ್ಯನಾದ ನನ್ನನ್ನು ಕರೆದಿದ್ದಾರೆ. ಈ ಮಾತುಗಳನ್ನು ಬರೆದುಕೊಳ್ಳುವಾಗ ನನ್ನ ಕಣ್ಣ ಮುಂದಿದ್ದವರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ, ಹಟ್ಟಿಯ ಚಿನ್ನದ ಗಣಿಯಲ್ಲಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು. ಸುಗ್ಗಿ ಬಂತೆಂದರೆ ಗಂಗಾವತಿ, ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಹಗಲು ರಾತ್ರಿಯೆನ್ನದೆ ನಿಲ್ಲುವವರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಬೀಗ ಹಾಕಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬೀಗ ತೆಗೆಯುವ ಬಳ್ಳಾರಿ, ಕೊಪ್ಪಳ, ರಾಯಚೂರಿನ ನೌಕರರು.

ಇಂಥವರು ನನ್ನ ಬಳಿ ಬಂದು ಮೊದಲು ಕೇಳುವುದು, ಯಾವ ತಳಿ ಒಳ್ಳೆಯದು ಎಂದು. ಅದಕ್ಕೆ ನಾನು ಉತ್ತರ ಕೊಡುವುದಿಲ್ಲ, ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ? ಕೆಲವರಿಗೆ ಇದು ಅಧಿಕಪ್ರಸಂಗವೆನಿಸುತ್ತದೆ. ಪ್ರಾಣಿಯ ಬಣ್ಣ, ಕಿವಿ, ಬಾಲ, ಬೆಲೆ ಇವೆಲ್ಲವನ್ನೂ ತಿಂಗಳುಗಟ್ಟಲೆ ಮೊಬೈಲಿನಲ್ಲಿ ನೋಡಿ ಬಂದವರಿಗೆ, ತಮ್ಮ ಮನೆಯ ಮಧ್ಯಾಹ್ನವನ್ನು ಮಾತ್ರ ಒಮ್ಮೆಯೂ ನೋಡಿಲ್ಲವೆಂಬುದು ಆಗ ಹೊಳೆಯುತ್ತದೆ.

ಮಧ್ಯಾಹ್ನವನ್ನೇ ನಾನು ಹಿಡಿದುಕೊಳ್ಳುವುದಕ್ಕೆ ಕಾರಣವಿದೆ. ನಮ್ಮ ಭಾಗದಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ನಾವೇ ನಗೆಯಾಡುತ್ತೇವೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನಲ್ಲಾಗಲಿ ಬಳ್ಳಾರಿಯಲ್ಲಾಗಲಿ 40 ಡಿಗ್ರಿ ದಾಟುವುದು ಹೊಸ ಸುದ್ದಿಯೇ ಅಲ್ಲ. ನಮಗೆ ಮೈತುಂಬ ಬೆವರು ಬರುತ್ತದೆ, ಅದು ಆರುವಾಗ ಮೈ ತಣಿಯುತ್ತದೆ. ನಾಯಿಗೆ ಆ ಅನುಕೂಲವಿಲ್ಲ. ಅದರ ಬೆವರಿನ ಗ್ರಂಥಿಗಳು ಮುಖ್ಯವಾಗಿ ಅಂಗಾಲಿನಲ್ಲಿವೆ, ಅವುಗಳಿಂದ ಮೈ ತಣಿಯುವುದು ಅಷ್ಟಕ್ಕಷ್ಟೆ. ನಾಲಿಗೆ ಹೊರಚಾಚಿ ಏದುಸಿರು ಬಿಡುವುದೇ ಅದಕ್ಕಿರುವ ದಾರಿ. ಗಾಳಿಯಾಡದ ಕೋಣೆಯಲ್ಲಿ, ನೀರಿನ ಬಟ್ಟಲು ಮಗುಚಿ ಬಿದ್ದಿರುವಾಗ, ಆ ದಾರಿಯೂ ಮುಚ್ಚಿಹೋಗುತ್ತದೆ. ಬಟ್ಟಲನ್ನು ಎತ್ತಿಡುವುದಕ್ಕೆ, ಕಿಟಕಿ ತೆರೆಯುವುದಕ್ಕೆ, ನಾಯಿಯನ್ನು ಬಿಸಿಲಿನ ಬದಿಯಿಂದ ನೆರಳಿನ ಬದಿಗೆ ಕರೆದುಕೊಳ್ಳುವುದಕ್ಕೆ ಒಬ್ಬ ಮನುಷ್ಯ ಬೇಕು. ಆದ್ದರಿಂದಲೇ ಕೇಳುತ್ತೇನೆ, ಮಧ್ಯಾಹ್ನ ಎರಡು ಗಂಟೆಗೆ ಯಾರಿರುತ್ತಾರೆ?

ಇಲ್ಲಿ ಒಂದು ಪ್ರಸಂಗವನ್ನು ಹೇಳಲೇಬೇಕು. ಗಂಡನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ, ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ. ಬಳ್ಳಾರಿಯಲ್ಲಿ ಮೂರನೆಯ ಮಹಡಿಯ ಮನೆ. ಈ ದಂಪತಿಗಳು ಬೆಂಗಳೂರಿನಿಂದ ದೊಡ್ಡ ಬೆಲೆ ಕೊಟ್ಟು ಒಂದು ಹಸ್ಕಿ ಮರಿಯನ್ನು ತಂದಿದ್ದರು. ಹಸ್ಕಿಯೆಂದರೆ ಸೈಬೀರಿಯಾದ ಹಿಮದ ಮೇಲೆ ಗಾಡಿ ಎಳೆಯಲೆಂದು ಬೆಳೆಸಿದ ತಳಿ. ಅದರ ಮೈಮೇಲೆ ಒಂದರ ಕೆಳಗೊಂದರಂತೆ ಎರಡು ಪದರ ಕೂದಲಿರುತ್ತದೆ. ಲಸಿಕೆಗೆಂದು ಮೊದಲ ಸಲ ಕರೆತಂದಾಗಲೇ ನಾನು ನನ್ನ ಪ್ರಶ್ನೆಯನ್ನು ಕೇಳಿದ್ದೆ. "ಮಧ್ಯಾಹ್ನ ಯಾರೂ ಇರಲ್ಲ ಸಾರ್, ಆದ್ರ ಕೂಲರ್ ಹಚ್ಚಿಟ್ಟು ಹೋಗ್ತೀವಿ" ಎಂದು ಆತ ಬಹಳ ಸಮಾಧಾನದಿಂದ ಉತ್ತರಿಸಿದರು. ಕೂಲರ್ ವಿದ್ಯುತ್ತಿನಿಂದ ನಡೆಯುತ್ತದೆಯೆಂಬುದನ್ನು ನಾನು ನೆನಪಿಸಬೇಕಾಯಿತು. ಅವರು ನಕ್ಕರು.

ಚಳಿಗಾಲ ಸುಖವಾಗಿಯೇ ಕಳೆಯಿತು. ನಾಯಿಯೂ ನೋಡಲು ಚೆಂದ, ನೀಲಿ ಕಣ್ಣು, ಕೋಟೆಯ ಬಳಿ ಸಂಜೆ ತಿರುಗಾಡಿಸಲು ಹೋದರೆ ಹುಡುಗರೆಲ್ಲ ಸುತ್ತುವರಿದು ಫೋಟೋ ತೆಗೆಯುತ್ತಿದ್ದರಂತೆ. ಏಪ್ರಿಲ್ ಬಂತು. ಒಂದು ದಿನ ಆತನಿಗೆ ಮೊದಲ ಪಾಳಿ, ಆಕೆಗೆ ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆಯ ಗಡಿಬಿಡಿ. ನಾಯಿ ನಡುಮನೆಯಲ್ಲಿತ್ತು, ಪಡುವಣ ದಿಕ್ಕಿನ ಬಾಲ್ಕನಿಯ ಬಾಗಿಲು ಅರ್ಧ ತೆರೆದಿತ್ತು. ಹನ್ನೆರಡರ ಸುಮಾರಿಗೆ ಕರೆಂಟು ಹೋಯಿತು. ಎದುರು ಮನೆಯ ಅಜ್ಜಿ, ಕುರುಗೋಡು ಕಡೆಯವರು, ಗಂಟೆಗಟ್ಟಲೆ ಅದು ಬೊಗಳುವುದನ್ನು ಕೇಳಿಸಿಕೊಂಡಿದ್ದಾರೆ. ಬೊಗಳುವಾಗ ಅವರಿಗೆ ಏನೂ ಅನಿಸಲಿಲ್ಲವಂತೆ. ಬೊಗಳುವುದು ನಿಂತಾಗ ಎದೆ ಧಸಕ್ಕೆಂದಿದೆ. ಮೊಮ್ಮಗನ ಕೈಯಲ್ಲಿ ಬ್ಯಾಂಕಿಗೆ ಫೋನು ಮಾಡಿಸಿದರು.

ಆಕೆ ಓಡಿಬಂದು, ಆಟೋದಲ್ಲಿ ಹಾಕಿಕೊಂಡು ತಂದಾಗ ನಾಯಿ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಆರೋಗ್ಯವಂತ ನಾಯಿಯ ಮೈಕಾವು ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಥರ್ಮಾಮೀಟರಿನಲ್ಲಿ ಅಂದು ಕಂಡದ್ದು 107. ಒಸಡು ಇಟ್ಟಿಗೆಯಂತೆ ಕೆಂಪಗಾಗಿತ್ತು, ಜೊಲ್ಲು ಅಂಟಂಟಾಗಿತ್ತು. ಆದರೆ ಆ ಅಜ್ಜಿ ಒಂದು ದೊಡ್ಡ ಕೆಲಸ ಮಾಡಿದ್ದರು. ಆಟೋ ಬರುವವರೆಗೆ ಸುಮ್ಮನೆ ಕೂಡದೆ, ಕೊಡದ ನೀರನ್ನು ನಾಯಿಯ ಹೊಟ್ಟೆ, ತೊಡೆ, ಕಾಲುಗಳ ಮೇಲೆ ಸುರಿದು, ಮೊರದಿಂದ ಗಾಳಿ ಬೀಸಿದ್ದರು. ದಾರಿಯುದ್ದಕ್ಕೂ ಹಸಿ ಸೀರೆಯ ತುಂಡು ಹೊದಿಸಿಕೊಂಡೇ ಬಂದಿದ್ದರು. ಕೇಳುಗರು ಇದನ್ನು ದಯವಿಟ್ಟು ನೆನಪಿಡಬೇಕು. ಬಿಸಿಲಿನ ಹೊಡೆತ ಬಿದ್ದ ಪ್ರಾಣಿಯನ್ನು ಮೊದಲು ತಣಿಸಬೇಕು, ಆಮೇಲೆ ಆಸ್ಪತ್ರೆಗೆ ತರಬೇಕು. ಯಾವ ಪುಸ್ತಕವನ್ನೂ ಓದದ ಆ ತಾಯಿ ಮಾಡಿದ್ದು ಅದನ್ನೇ. ನಾವು ನೀರು, ಫ್ಯಾನು, ಡ್ರಿಪ್ ಎಲ್ಲವನ್ನೂ ಮುಂದುವರಿಸಿ ಸಂಜೆಯ ಹೊತ್ತಿಗೆ ಮೈಕಾವನ್ನು 103ಕ್ಕೆ ಇಳಿಸಿದೆವು. ನಾಯಿ ಬದುಕಿತು. "ಕರೆಂಟ್ ಹೋಗೋದು ನಮ್ಮ ಕೈಯಾಗ ಐತೇನ್ರಿ ಸಾರ್" ಎಂದು ಪಾಳಿ ಮುಗಿಸಿ ಬಂದ ಆತ ಕಣ್ಣೊರೆಸಿಕೊಂಡು ಕೇಳಿದರು. ಇಲ್ಲ. ಅದಕ್ಕೇ ಅಲ್ಲವೇ ಮನೆಯಲ್ಲಿ ಯಾರಿರುತ್ತಾರೆಂದು ನಾನು ಮೊದಲೇ ಕೇಳಿದ್ದು?

ಆ ನಾಯಿ ಈಗ ಮಡಿಕೇರಿಯಲ್ಲಿ ಆಕೆಯ ಅಣ್ಣನ ಮನೆಯಲ್ಲಿದೆ. ಕಥೆ ಅಲ್ಲಿಗೆ ಮುಗಿಯಲಿಲ್ಲ. ಒಂದೆರಡು ತಿಂಗಳ ಮೇಲೆ ದಂಪತಿಗಳು ಮತ್ತೆ ಬಂದು, ಮನೆ ಬಣಬಣ ಎನ್ನುತ್ತಿದೆ, ಸಣ್ಣ ನಾಯಿಯಾದರೆ ನಡೆಯುತ್ತದಲ್ಲವೇ, ಒಂದು ಪಗ್ ತರುತ್ತೇವೆ ಎಂದರು. ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡಂದಿನಿಂದ ಪಗ್ ನಮ್ಮ ಪಶುವೈದ್ಯರ ತಲೆನೋವಾಗಿದೆಯೆಂದು ಸೌಜನ್ಯ ಬಿಟ್ಟು ಹೇಳಬೇಕಾಗುತ್ತದೆ. ಚಪ್ಪಟೆ ಮೂತಿಯ ನಾಯಿಗೆ ಉಸಿರಾಟವೇ ಒಂದು ಶ್ರಮ. ಏದುಸಿರು ಬಿಟ್ಟು ಮೈ ತಣಿಸಿಕೊಳ್ಳಬೇಕಾದ ಪ್ರಾಣಿಗೆ ಉಸಿರಿನ ದಾರಿಯೇ ಇಕ್ಕಟ್ಟಾದರೆ ನಮ್ಮ ಬೇಸಿಗೆಯಲ್ಲಿ ಅದು ಹಸ್ಕಿಗಿಂತ ಸುಖವಾಗಿರುತ್ತದೆಂದು ಹೇಗೆ ತಿಳಿಯುತ್ತಾರೋ! ನಾನು ಏನಾದರೂ ಕಟುವಾಗಿ ಹೇಳುವುದಕ್ಕೆ ಮೊದಲೇ, ಮೊಣಕಾಲಿನ ಔಷಧಕ್ಕೆಂದು ಪೇಟೆಗೆ ಅವರೊಂದಿಗೆ ಬಂದಿದ್ದ ಅದೇ ಅಜ್ಜಿ ಬಾಯಿ ಹಾಕಿದರು. "ದಿನಾ ನಿಮ್ಮ ಬಾಗ್ಲಿಗೆ ಬಂದು ಕುಂದ್ರೋ ಬೆಕ್ಕು ಐತಲ್ಲವ್ವಾ, ಅದನ್ನ ಸಾಕ್ಕೊಳ್ಳಾಕ ಏನಾಗೇತಿ?" ಎಂದರು. ಈ ವಿಷಯದಲ್ಲಿ ಅದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಯಾರ ಬಾಯಲ್ಲೂ ಕೇಳಿಲ್ಲ. ಆ ಬೆಕ್ಕಿಗೆ ಲಸಿಕೆ ಹಾಕಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ ಕಳುಹಿಸಿದೆವು. ಇಂದಿಗೂ ಅದು ಅವರ ಮನೆಯಲ್ಲಿದೆ, ಮಧ್ಯಾಹ್ನವಿಡೀ ಬಚ್ಚಲುಮನೆಯ ತಣ್ಣನೆಯ ಬಂಡೆಯ ಮೇಲೆ ಮಲಗಿರುತ್ತದೆ.

ಪ್ರಸಂಗ ಉದ್ದವಾಯಿತು, ಇನ್ನುಳಿದದ್ದನ್ನು ಚುರುಕಾಗಿ ಹೇಳುತ್ತೇನೆ.

ಮಧ್ಯಾಹ್ನ ಮನೆಯಲ್ಲಿ ಅತ್ತೆಯೋ ಮಾವನೋ ಅಜ್ಜಿಯೋ ಇದ್ದಾರೆ, ಅವರಿಗೂ ಪ್ರಾಣಿ ಇಷ್ಟ ಎಂದಾದರೆ ನಾಯಿಯನ್ನು ತನ್ನಿ. ಇಷ್ಟವೇ ಎಂದು ಅವರನ್ನು ಕೇಳಿ ತನ್ನಿ, ತಂದು ಕೇಳಬೇಡಿ. ಮರಿಗಿಂತ ಬೆಳೆದ ನಾಯಿ ದುಡಿಯುವವರಿಗೆ ಮೇಲು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ಹೊತ್ತು ಮೂತ್ರ ತಡೆಯಲಾರದು, ದಿನಕ್ಕೆ ಮೂರು ನಾಲ್ಕು ಸಲ ಉಣ್ಣಬೇಕು. ಬೆಳೆದ ನಾಯಿಗೆ ಎರಡು ಊಟ, ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದು, ಹೊತ್ತು ಮುಳುಗಿದ ಮೇಲೆ ಒಂದು ತಿರುಗಾಟ ಸಾಕು. ತಳಿ ಯಾವುದೆಂದು ಇನ್ನೂ ಕೇಳುವವರಿದ್ದರೆ, ನಮ್ಮ ಊರ ನಾಯಿಯೇ ನಮ್ಮ ಬಿಸಿಲಿಗೆ ತಕ್ಕುದು. ಕೊಪ್ಪಳದ ನೆರೆಯ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯೂ ಬಿಸಿಲು ತಡೆಯುತ್ತದೆ, ಆದರೆ ಅದು ಬಯಲಿನಲ್ಲಿ ಬೇಟೆಯ ಹಿಂದೆ ಓಡಲೆಂದೇ ಇರುವ ನಾಯಿ. ಹೊಲವಿದ್ದವರಿಗೆ ಅದು ಭೂಷಣ, ಮೂರನೆಯ ಮಹಡಿಯವರಿಗೆ ಅಲ್ಲ. ಪಾಳಿಯವರಿಗೆ ಇನ್ನೊಂದು ಮಾತು. ನಿಮ್ಮ ಪಾಳಿ ವಾರಕ್ಕೊಮ್ಮೆ ಬದಲಾಗಬಹುದು, ನಾಯಿಯ ಹೊಟ್ಟೆ ಬದಲಾಗುವುದಿಲ್ಲ. ಊಟದ ಹೊತ್ತನ್ನು ಮನೆಯ ಇನ್ನೊಬ್ಬರು ನಡೆಸಿಕೊಂಡು ಹೋಗಬೇಕು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ, ಆದರೆ ರಾತ್ರಿ ಬಂದೇ ಬರುತ್ತೇವೆ ಎನ್ನುವವರಿಗೆ ಬೆಕ್ಕು. ಅದು ದಿನದ ಹೆಚ್ಚಿನ ಹೊತ್ತನ್ನು ನಿದ್ದೆಯಲ್ಲೇ ಕಳೆಯುತ್ತದೆ, ಮನೆಯಲ್ಲಿ ತಣ್ಣಗಿನ ಮೂಲೆ ಯಾವುದೆಂದು ನಮಗಿಂತ ಚೆನ್ನಾಗಿ ಅದಕ್ಕೆ ಗೊತ್ತು. ಮರಳು ತುಂಬಿದ ಒಂದು ಟ್ರೇಯಲ್ಲಿ ಮಲಮೂತ್ರ ಮಾಡುವುದನ್ನು ಬೇಗ ಕಲಿಯುತ್ತದೆ. ನೀರನ್ನು ಎರಡು ಮೂರು ಕಡೆ ಇಡಿ. ಹಾಲು ಅನ್ನ ಹಾಕಿ ಸಾಕಿದೆವೆಂದು ಹೆಮ್ಮೆಪಡಬೇಡಿ. ಬೆಕ್ಕು ಮಾಂಸಾಹಾರಿ, ಅದರ ಕಣ್ಣು ಮತ್ತು ಹೃದಯಕ್ಕೆ ಬೇಕಾದ ಟಾರಿನ್ ಎಂಬ ಅಂಶ ಅನ್ನದಲ್ಲಿಲ್ಲ. ಮನೆಯಲ್ಲಿ ಮಾಂಸ ಮೀನು ಬಾರದವರು ಬೆಕ್ಕಿನ ಸಿದ್ಧ ಆಹಾರವನ್ನು ಕೊಡಬೇಕು, ಅದೂ ಆಗದೆಂದರೆ ಬೆಕ್ಕು ಬೇಡ. ಜ್ವರ ಬಂತೆಂದು ನಿಮ್ಮ ಪ್ಯಾರಾಸಿಟಮಾಲ್ ಗುಳಿಗೆಯನ್ನು ಅದಕ್ಕೆ ಎಂದೂ ಕೊಡಬಾರದು, ಒಂದೇ ಗುಳಿಗೆ ಪ್ರಾಣ ತೆಗೆಯಬಲ್ಲದು.

ರಾತ್ರಿಯೂ ಬರುವುದು ಖಾತ್ರಿಯಿಲ್ಲ, ಎರಡು ದಿನ ಹುಬ್ಬಳ್ಳಿ, ಎರಡು ದಿನ ಹೈದರಾಬಾದ್ ಎನ್ನುವವರಿಗೆ ಮೀನು. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು, ಬೇಳೆ ಬೇಯುವುದಿಲ್ಲವೆಂದು ಮನೆಯವರು ದೂರುತ್ತಾರೆ. ಗಪ್ಪಿ, ಮಾಲಿ ಮೀನುಗಳು ಅದೇ ನೀರಿನಲ್ಲಿ ಚೆನ್ನಾಗಿರುತ್ತವೆ. ಗಾಜಿನ ಸಣ್ಣ ಬಟ್ಟಲು ಬೇಡ, ಅಗಲವಾದ ತೊಟ್ಟಿಯಿರಲಿ, ಬಿಸಿಲು ಬೀಳದ ಗೋಡೆಗೆ ಇರಲಿ. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ, ತೊಟ್ಟಿ ಅಗಲವಾದಷ್ಟೂ ಗಾಳಿಯ ಸಂಪರ್ಕ ಹೆಚ್ಚು, ಕರೆಂಟು ಹೋದಾಗ ಅದೇ ಮೀನನ್ನು ಕಾಯುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರನ್ನು ಬದಲಿಸಿ. ಪೂರ್ತಿ ತೊಟ್ಟಿಯನ್ನು ಸೋಪು ಹಾಕಿ ಉಜ್ಜಿ ಹೊಳೆಯಿಸುವುದು ಮೀನು ಸಾಯಿಸುವ ವಿಧಾನ, ಏಕೆಂದರೆ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳೂ ಅದರ ಜೊತೆ ತೊಳೆದುಹೋಗುತ್ತವೆ. ಬೆಳೆದ ಮೀನು ಒಂದೆರಡು ದಿನ ಆಹಾರವಿಲ್ಲದೆ ಇರಬಲ್ಲದು.

ಮೊಲವನ್ನು ಮಕ್ಕಳಿಗೆಂದು ಕೊಳ್ಳುವವರು ಬಹಳ. 30 ಡಿಗ್ರಿ ದಾಟಿದರೆ ಮೊಲ ಒದ್ದಾಡತೊಡಗುತ್ತದೆ. ನಮ್ಮಲ್ಲಿ 30 ಡಿಗ್ರಿಯೆಂದರೆ ತಂಪು ದಿನ. ಮೊಲ ಬೇಡ. ಪೇಟೆಯಲ್ಲಿ ಲವ್‌ಬರ್ಡ್ಸ್ ಎಂದು ಮಾರುವ ಬಡ್ಜಿ ಹಕ್ಕಿಗಳನ್ನು ಜೋಡಿಯಾಗಿ, ನೆರಳಿನಲ್ಲಿ, ಅಗಲವಾದ ಪಂಜರದಲ್ಲಿ, ದಿನವೂ ಬೆಳಿಗ್ಗೆ ಕಾಳು ನೀರು ಬದಲಿಸುವ ಶಿಸ್ತಿದ್ದವರು ಸಾಕಬಹುದು. ಆದರೆ ನಮ್ಮ ಹಸಿರು ಗಿಳಿಯನ್ನಾಗಲಿ, ನಮ್ಮ ಕುರುಚಲು ಕಾಡಿನ ನಕ್ಷತ್ರ ಆಮೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಆಮೆ ಮನೆಗೆ ಅದೃಷ್ಟ ತರುತ್ತದೆಂದು ಹೇಳಿ ಮಾರುವವನು ನಿಮಗೆ ತರುವುದು ಜೈಲಿನ ದಾರಿಯನ್ನು.

ಕಡೆಯದಾಗಿ ಲಸಿಕೆ. ನಾಯಿಗೂ ಬೆಕ್ಕಿಗೂ ಮೂರು ತಿಂಗಳು ತುಂಬುತ್ತಲೇ ರೇಬಿಸ್ ಲಸಿಕೆ ಹಾಕಿಸಬೇಕು, ಆಮೇಲೆ ವೈದ್ಯರು ಹೇಳಿದಂತೆ ಮತ್ತೆ ಮತ್ತೆ ಹಾಕಿಸುತ್ತಿರಬೇಕು. ನಾಯಿಮರಿಗಳಿಗೆ ವಾಂತಿಭೇದಿ ತರುವ ಪಾರ್ವೋ ರೋಗದ ಲಸಿಕೆ ಅದಕ್ಕೂ ಮುಂಚೆ, ಆರರಿಂದ ಎಂಟನೆಯ ವಾರದಲ್ಲಿ ಶುರುವಾಗುತ್ತದೆ. ಒಂದು ಸೂಜಿ ಹಾಕಿಸಿ ಮರೆಯುವಂಥದ್ದಲ್ಲ, ನಾಲ್ಕು ತಿಂಗಳವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಬರಬೇಕು. ಆ ಮೂರು ನಾಲ್ಕು ಸಲ ಆಸ್ಪತ್ರೆಗೆ ಬರಲು ರಜೆ ಸಿಗುವುದಿಲ್ಲವೆನ್ನುವವರು ಮರಿಯನ್ನು ತರಲೇಬಾರದು. ಯಾವುದೇ ನಾಯಿ ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೂ ಸರಿ, ಅರಿಶಿನ ಸುಣ್ಣ ಹಚ್ಚಿಕೊಂಡು ಕೂಡದೆ, ನಲ್ಲಿಯ ಕೆಳಗೆ ಸೋಪು ಹಾಕಿ ಹದಿನೈದು ನಿಮಿಷ ಗಾಯವನ್ನು ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಪಡೆಯಿರಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ನನ್ನ ಬಳಿಯಾಗಲಿ ಮನುಷ್ಯರ ವೈದ್ಯರ ಬಳಿಯಾಗಲಿ ಔಷಧವಿಲ್ಲ.

ನಮಸ್ಕಾರ.